ಕಿರೀಟ ಹಿಡಿಯುವವಳು

ಮಾರ್ಸೇಯಿಂದ ಹೊರಟ ಬಸ್ಸು ಜಿನೋವಾ ಮುಟ್ಟುವಷ್ಟರಲ್ಲಿ ಎವಾಂಥಿಯಾಳ ಎರಡೂ ಕಾಲು ಜೋಮು ಹಿಡಿದಿದ್ದವು. ತೊಡೆಯ ಮೇಲೆ ದುಂಡನೆಯ ದೊಡ್ಡ ಡಬ್ಬ. ಡಬ್ಬದೊಳಗೆ ಗೆಳತಿ ಕ್ರಿಸೂಲಾಳ ಮದುವೆಯ ಕಿರೀಟಗಳು. ಕಿರೀಟವೆಂದರೆ ರಾಜರು ಹಾಕಿಕೊಳ್ಳುವಂಥದ್ದಲ್ಲ. ಬೆಳ್ಳಿಯ ತಂತಿಗೆ ಮೇಣದ ಹೂಗಳನ್ನು ಕಟ್ಟಿದ ಎರಡು ತೆಳುವಾದ ಬಳೆ, ಎರಡನ್ನೂ ಸೇರಿಸುವ ಒಂದು ಬಿಳಿ ರಿಬ್ಬನ್ನು. ಭಾನುವಾರ ಸಂಜೆ ಸಮುದ್ರದಾಚೆಯ ತಮ್ಮ ಹುಟ್ಟೂರು ಮಾವ್ರೊನೇರಿಯ ಚರ್ಚಿನಲ್ಲಿ ಎವಾಂಥಿಯಾ ವಧೂವರರ ಬೆನ್ನ ಹಿಂದೆ ನಿಂತು ಆ ಕಿರೀಟಗಳನ್ನು ಅವನ ತಲೆಯಿಂದ ಅವಳ ತಲೆಗೆ, ಅವಳ ತಲೆಯಿಂದ ಅವನ ತಲೆಗೆ ಮೂರು ಸಲ ಅದಲುಬದಲು ಮಾಡಬೇಕು. ಆ ಕೆಲಸ ಯಾರ ಕೈಯಿಂದ ಆಗುತ್ತದೋ ಅವರು ಅವತ್ತಿನಿಂದ ಆ ಮನೆಗೆ ಒಡಹುಟ್ಟಿದವರಿಗಿಂತ ಒಂದು ಕೈ ಮೇಲು. ಊರಿನಲ್ಲಿ ತಂಗಿಯ ಜೊತೆ ಮಾತು ಬಿಟ್ಟವರಿದ್ದಾರೆ, ಕಿರೀಟ ಹಿಡಿದವಳ ಜೊತೆ ಬಿಟ್ಟವರಿಲ್ಲ. ಈ ಇಬ್ಬರು ಹುಡುಗಿಯರು ಒಬ್ಬರ ಕಿರೀಟ ಇನ್ನೊಬ್ಬರು ಹಿಡಿಯುವುದೆಂದು ಪ್ರೈಮರಿ ಶಾಲೆಯಲ್ಲಿದ್ದಾಗಲೇ ಮಾತಾಡಿಕೊಂಡಿದ್ದರು. ಈಗ ಇಬ್ಬರಿಗೂ ಮೂವತ್ತರ ಹತ್ತಿರ, ಮಾತು ಮಾತ್ರ ಹಾಗೇ ಇತ್ತು.

"ಆ ಡಬ್ಬಾನ ಸ್ವಲ್ಪ ಕೆಳಗಿಡೇ, ಕಾಲು ಬಿದ್ದೇ ಹೋಗತ್ತೆ," ಅಂದ ಪಕ್ಕದ ಸೀಟಿನ ಫೋತಿಸ್.

"ಬಿದ್ದೋದ್ರೆ ಕೈ ಮೇಲೆ ಕುಣೀತೀನಿ. ನೀನು ಮೊಟ್ಟೆ ತಿನ್ನು."

ಫೋತಿಸ್ ಮೊಟ್ಟೆ ತಿಂದ. ಹೊರಡುವ ಮುಂಚೆ ಅವನೇ ಬೇಯಿಸಿ ಹಳೇ ಟವೆಲ್ಲಿನಲ್ಲಿ ಕಟ್ಟಿಕೊಂಡು ತಂದ ಮೊಟ್ಟೆ. ಹಡಗು ರಿಪೇರಿ ಮಾಡುವಲ್ಲಿ ವೆಲ್ಡಿಂಗ್ ಕೆಲಸದ ಈ ಮನುಷ್ಯ ಎಂಜಲು ಕೈಯಲ್ಲಿ ಕಾಗೆ ಓಡಿಸುವವನಲ್ಲ. ತಲೆಕೂದಲು ತಾನೇ ಕತ್ತರಿಸಿಕೊಳ್ಳುತ್ತಾನೆ, ಹಿಂದುಗಡೆ ನೋಡಿದವರಿಗೆ ಅದು ಗೊತ್ತೂ ಆಗುತ್ತದೆ. ಈ ಪ್ರಯಾಣದ ಟಿಕೆಟ್ಟುಗಳನ್ನೆಲ್ಲ ಚಳಿಗಾಲದಲ್ಲೇ, ಅತಿ ಅಗ್ಗಕ್ಕೆ, ಮನುಷ್ಯರು ಎದ್ದಿರದ ಹೊತ್ತಿಗೆ ಹೊರಡುವ ಬಸ್ಸುಗಳನ್ನೇ ಹುಡುಕಿ ಕೊಂಡಿಟ್ಟಿದ್ದ. ವಿಮಾನದ ಮಾತೇ ಇರಲಿಲ್ಲ. ಕಿರೀಟ, ಆಳೆತ್ತರದ ಮೇಣದ ಬತ್ತಿಗಳು, ಸಕ್ಕರೆ ಬಾದಾಮಿ ಹಂಚುವ ಬೆಳ್ಳಿ ತಟ್ಟೆ, ಇದೆಲ್ಲ ಕಿರೀಟ ಹಿಡಿಯುವವಳ ಖರ್ಚು. ಮಾರ್ಸೇಯ ಬೇಕರಿಯಲ್ಲಿ ಹಿಟ್ಟು ನಾದಿ ಎವಾಂಥಿಯಾ ಕೂಡಿಟ್ಟಿದ್ದು ಅಲ್ಲಿಗಲ್ಲಿಗೆ ಸರಿಹೋಗಿತ್ತು.

ಜಿನೋವಾದಲ್ಲಿ ಬಸ್ಸು ಬದಲಿಸಬೇಕು. ಆ ಬಸ್ಸಿನ ಡ್ರೈವರು ಡಬ್ಬ ನೋಡಿ ತಲೆ ಅಲ್ಲಾಡಿಸಿದ. ಕೆಳಗೆ ಲಗೇಜಿನ ಜೊತೆ ಹಾಕಿ, ಇಲ್ಲ ಅದಕ್ಕೂ ಒಂದು ಸೀಟು ತಗೊಳ್ಳಿ ಅಂದ. ಕೆಳಗೆ ನೋಡಿದರೆ ಸೂಟ್‌ಕೇಸು, ಮಡಿಚಿದ ಸೈಕಲ್ಲು, ಯಾರದೋ ವಾಷಿಂಗ್ ಮಷೀನು. ಎವಾಂಥಿಯಾಳ ಕಣ್ಣಲ್ಲಿ ನೀರು ಬರುವುದರೊಳಗೆ ಫೋತಿಸ್ ಪರ್ಸು ತೆಗೆದ. ತೆಗೆದವನ ಮುಖ ಹಲ್ಲು ಕೀಳಿಸಿಕೊಳ್ಳುವವನ ಹಾಗಿತ್ತು, ಆದರೆ ತೆಗೆದ. ಡಬ್ಬ ಕಿಟಕಿಯ ಪಕ್ಕ ಬೆಲ್ಟು ಕಟ್ಟಿಕೊಂಡು ಕೂತಿತು.

"ಇವರ ಹೆಸರೇನು?" ಎಂದು ಡ್ರೈವರು ಟಿಕೆಟ್ಟು ಬರೆಯುತ್ತ ಕೇಳಿದ.

"ಕ್ರಿಸೂಲಾ," ಅಂದಳು ಎವಾಂಥಿಯಾ. "ಭಾನುವಾರ ಮದುವೆ."

ಡ್ರೈವರು ಗಂಭೀರವಾಗಿ ಡಬ್ಬಕ್ಕೆ ಶುಭ ಕೋರಿದ. ಅಲ್ಲಿಂದ ಇಟಲಿಯ ಉದ್ದಕ್ಕೂ ಅವಳಿಗೆ ಕಾಲು ನೆಲದ ಮೇಲಿರಲಿಲ್ಲ. ಸುರಂಗ ಬಂದರೆ ಖುಷಿ, ಸುರಂಗ ಮುಗಿದು ಸಮುದ್ರ ಕಂಡರೆ ಖುಷಿ, ಪೆಟ್ರೋಲ್ ಬಂಕಿನ ಕಹಿ ಕಾಫಿಯನ್ನು ಇಬ್ಬರೂ ಒಂದೇ ಲೋಟದಲ್ಲಿ ಕುಡಿದರೂ ಖುಷಿ. ಎರಡು ವರ್ಷದಿಂದ ಊರು ನೋಡಿರಲಿಲ್ಲ. ಅಮ್ಮ ಸೊಪ್ಪು ತುಂಬಿ ಸುಡುವ ಪಿಟಾ, ಅಪ್ಪನ ಗೊರಕೆ, ಚೌಕದ ಮರದ ಕೆಳಗೆ ಊದುವ ಕ್ಲಾರಿನೆಟ್ಟು, ಎಲ್ಲವನ್ನೂ ಹೇಳಿ ಹೇಳಿ ಫೋತಿಸ್‌ಗೆ ಬಾಯಿಪಾಠವಾಯಿತು. ಅವನು ಉತ್ತರದ ಕವಾಲಾ ಕಡೆಯವನು, ಮಾವ್ರೊನೇರಿಯನ್ನು ನೋಡಿದವನೇ ಅಲ್ಲ.

ಇಷ್ಟು ಹೊತ್ತಿಗೆ ಒಂದು ಮಾತು ಹೇಳಿಬಿಡಬೇಕು. ಫೋತಿಸ್ ಅವಳ ಗಂಡ. ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೆ. ಅಲ್ಲಿಯವರ ಲೆಕ್ಕದಲ್ಲಿ ಅವನು ಮಾರ್ಸೇಯಲ್ಲಿ ಅವಳ ಬೀದಿಯಲ್ಲೇ ಇರುವ ನಮ್ಮ ಕಡೆಯ ಒಬ್ಬ ಹುಡುಗ. ಹೋದ ವರ್ಷ ಬಂದರಿನ ಹತ್ತಿರ ಒಳ್ಳೆಯ ಮನೆಯೊಂದು ಕಡಿಮೆ ಬಾಡಿಗೆಗೆ ಸಿಗುವುದಿತ್ತು, ಮಾಲೀಕಳು ಮದುವೆಯಾದವರಿಗೆ ಮಾತ್ರ ಕೊಡುತ್ತೇನೆ ಎಂದಳು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಇಬ್ಬರೂ ಟೌನ್‌ಹಾಲಿಗೆ ಹೋಗಿ ಸಹಿ ಹಾಕಿದರು. ಅವಳ ಮೊಣಕೈಯಲ್ಲಿ ಇನ್ನೂ ಹಿಟ್ಟು ಅಂಟಿಕೊಂಡಿತ್ತು. ಆಮೇಲೆ ಹುರಿದ ಮೀನು ತಿಂದು ಅವರವರ ಕೆಲಸಕ್ಕೆ ಹೋದರು. ಊರಿಗೆ ಹೇಳಿದರೆ ಅಮ್ಮ ಚರ್ಚು, ಕುರಿ, ಕ್ಲಾರಿನೆಟ್ಟು, ಊರಿಗೆಲ್ಲ ಊಟ ಎಂದು ಕೂರುತ್ತಾಳೆ. ದುಡ್ಡಾದ ಮೇಲೆ ಹೇಳೋಣ ಎಂದರು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತ ಅದು ಹೇಳಲಾಗದ ಮಾತಾಗಿ ಕೂತಿತ್ತು.

ಗುರುವಾರ ಬೆಳಿಗ್ಗೆ ಇಟಲಿಯ ಕೊನೆಯಲ್ಲಿರುವ ಬಾರಿ ಎಂಬ ಬಂದರು ತಲುಪಿದರು. ಸಂಜೆ ತಮ್ಮ ದೇಶಕ್ಕೆ ಹಡಗು. ಇಡೀ ದಿನ ಊರು ಸುತ್ತುವುದಕ್ಕೆ ಬಿಟ್ಟಿ. ಸಮುದ್ರದ ಕಟ್ಟೆಯ ಮೇಲೆ ಬೆಸ್ತರು ಆಕ್ಟೋಪಸ್ಸುಗಳನ್ನು ಕಲ್ಲಿಗೆ ಬಡಿದು ಮೆತ್ತಗೆ ಮಾಡುತ್ತಿದ್ದರು. ಇಬ್ಬರೂ ಟೊಮೆಟೊ ಹಾಕಿದ ಬಿಸಿ ಬಿಸಿ ಫೊಕಾಚ್ಚಾ ರೊಟ್ಟಿ ಕೊಂಡು, ಡಬ್ಬವನ್ನು ಮಧ್ಯೆ ಕೂರಿಸಿಕೊಂಡು, ಕಾಲು ಇಳಿಬಿಟ್ಟು ತಿನ್ನುತ್ತಿದ್ದಾಗ ಕ್ರಿಸೂಲಾಳ ಫೋನು ಬಂತು.

"ಎಲ್ಲಿದ್ದೀಯೇ ಕಳ್ಳಿ? ನಾಳೆ ಬೆಳಿಗ್ಗೆ ಬಂದರಿಗೆ ನಾನೂ ನನ್ನ ಮದುಮಗ ಸೋತಿರಿಸೂ ಬರ್ತೀವಿ. ಅವನ ಜೇನುಪೆಟ್ಟಿಗೆ ವ್ಯಾನು, ಒಂದೆರಡು ಹುಳ ಇರ್ತಾವೆ, ಕಿರುಚಬೇಡ. ಮಧ್ಯಾಹ್ನ ಹಾಸಿಗೆ ಹಾಸೋ ಶಾಸ್ತ್ರ, ನೀನಿಲ್ದೆ ಶುರು ಮಾಡಲ್ಲ. ಮತ್ತೆ ಕೇಳು, ಒಂದು ತಮಾಷೆ. ಹೊಸ ಬಿಷಪ್ ಬಂದ ಮೇಲೆ ನಮ್ಮ ಪಾದ್ರಿ ಪಾಪಾ-ಥಿಮಿಯೋಸ್‌ಗೆ ನೆರಳು ಕಂಡ್ರೂ ಹೆದರಿಕೆ. ಕಿರೀಟ ಹಿಡಿಯೋಳು ಯಾರು, ಮದುವೆ ಆಗಿದ್ರೆ ಚರ್ಚಲ್ಲೇ ಆಗಿದೆಯಾ ಅಂತ ಕೇಳಿದ್ರು. ಬರೀ ಟೌನ್‌ಹಾಲಲ್ಲಿ ಸಹಿ ಹಾಕಿ ಆದೋರು ಕಿರೀಟ ಮುಟ್ಟೋ ಹಾಗಿಲ್ಲವಂತೆ."

"ನೀನೇನಂದೆ?"

"ನಮ್ಮ ಎವಾಂಥಿಯಾಗೆ ಮದುವೆನಾ ಸ್ವಾಮಿ, ಅವಳು ಇನ್ನೂ ಒಂದು ಗಂಡುಬೆಕ್ಕನ್ನೂ ಮನೆಗೆ ಕರ್ಕೊಂಡು ಬಂದಿಲ್ಲ ಅಂದೆ. ಇಬ್ರೂ ಬಿದ್ದು ಬಿದ್ದು ನಕ್ವಿ. ಯಾಕೆ, ದನಿ ಹಾಗಿದೆ?"

"ಫೊಕಾಚ್ಚಾ ಬಾಯಲ್ಲಿದೆ," ಅಂದಳು ಎವಾಂಥಿಯಾ.

ಫೋನು ಇಟ್ಟು ಅವಳು ಎಲ್ಲವನ್ನೂ ಫೋತಿಸ್‌ಗೆ ಹೇಳಿದಳು. ಅವನು ತುಂಬಾ ಹೊತ್ತು ಅಗಿದ.

"ಅಂದ್ರೆ, ಮದುವೆ ಆಗದೆ ಸುಮ್ನೆ ಒಟ್ಟಿಗಿದ್ದಿದ್ರೆ ಏನೂ ತೊಂದ್ರೆ ಇರ್ಲಿಲ್ಲ?"

"ಇರ್ಲಿಲ್ಲ. ಪಾಪ ಮಾಡ್ದೆ ಅಂತ ಒಪ್ಕೊಂಡು ಒಂದು ಬತ್ತಿ ಹಚ್ಚಿದ್ರೆ ಮುಗೀತಿತ್ತು."

"ಮದುವೆ ಆಗಿದ್ದೇ ತಪ್ಪಾಯ್ತಲ್ಲೇ."

ನಗು ಬರಬೇಕಾದ ಮಾತು. ಅವಳಿಗೆ ಬರಲಿಲ್ಲ. ಎಂಟು ಜನ ಮಕ್ಕಳಿದ್ದ ಶಾಲೆಯಲ್ಲಿ ಅವಳ ಪಕ್ಕ ಕೂರುವವಳು ಕ್ರಿಸೂಲಾ ಒಬ್ಬಳೇ. ಆ ಮದುವೆಯಲ್ಲಿ ಬೆನ್ನ ಹಿಂದೆ ನಿಲ್ಲುವ ಹಕ್ಕು ಒಂದನ್ನು ಬಿಟ್ಟರೆ ಜೀವಮಾನದಲ್ಲಿ ಅವಳು ಹೆಮ್ಮೆಯಿಂದ ಕಾದುಕೊಂಡ ಇನ್ನೊಂದು ಸಂಗತಿಯಿರಲಿಲ್ಲ. ಈಗ ಅದೇ ಕೈತಪ್ಪುವ ಹಾಗಿತ್ತು.

"ಹೇಳ್ಬೇಡ," ಅಂದ ಫೋತಿಸ್. "ಯಾರಿಗೆ ಗೊತ್ತಾಗತ್ತೆ? ಆ ಪಾದ್ರಿ ಮಾರ್ಸೇಗೆ ಫೋನ್ ಮಾಡಿ ಕೇಳ್ತಾರಾ?"

"ನನಗೆ ಗೊತ್ತಿರತ್ತಲ್ಲ. ಅವರಿಬ್ರ ತಲೆ ಮೇಲೆ ಕಿರೀಟ ಇಡೋ ಕೈಯಲ್ಲಿ ಸುಳ್ಳು ಹಿಡ್ಕೊಂಡು ನಿಂತ್ಕೊಳ್ಳಲಾ? ನಾಳೆ ಅವರಿಗೆ ಒಂದು ಜ್ವರ ಬಂದ್ರೂ ನನ್ನಿಂದ ಅಂತ ಸಾಯ್ತೀನಿ."

"ನೀನು ಚರ್ಚಿಗೆ ಹೋಗಿ ಎಷ್ಟು ದಿನ ಆಯ್ತು?"

"ಹೋಗದೆ ಇರೋದು ಬೇರೆ, ಹೆದರದೆ ಇರೋದು ಬೇರೆ."

ಹಡಗು ಹತ್ತಿದರು. ಅಗ್ಗದ ಟಿಕೆಟ್ಟು ಅಂದರೆ ತೆರೆದ ಮೇಲ್ತಟ್ಟು, ಪ್ಲಾಸ್ಟಿಕ್ ಕುರ್ಚಿ, ಸ್ವಂತ ಕಂಬಳಿ. ಸೂರ್ಯ ಇನ್ನೂ ಮುಳುಗಿರಲಿಲ್ಲ. ಲಾರಿ ಡ್ರೈವರುಗಳು ಇಸ್ಪೀಟು ಹಾಕುತ್ತಿದ್ದರು, ಜಗಲಿಯ ಹಾಗೆ ಗಲಗಲ ಎನ್ನುತ್ತಿತ್ತು. ಇಟಲಿಯ ದಡ ಹಿಂದೆ ಸರಿದಂತೆಲ್ಲ ಅವಳ ಎದೆ ಮತ್ತೆ ಹಾರತೊಡಗಿತು. ನಾಳೆ ಬೆಳಿಗ್ಗೆ ಊರು. ಸಂಕಟವೂ ಸಂತೋಷವೂ ಒಟ್ಟಿಗೇ ಕುಣಿಯುತ್ತಿದ್ದವು, ಯಾವುದನ್ನು ಹಿಡಿದು ಕೂರಿಸಬೇಕೋ ತಿಳಿಯದು.

ಫೋತಿಸ್ ಅಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದ್ದ. "ದಾರಿ ಸಿಕ್ತು ಕಣೇ. ನಾಳೆ ಶುಕ್ರವಾರ. ಪಾದ್ರಿ ಕೈಕಾಲು ಹಿಡ್ಕೊಳ್ಳೋಣ. ಶನಿವಾರ ಚರ್ಚಲ್ಲಿ ನಾವಿಬ್ರೂ ಮದುವೆ ಆಗ್ಬಿಡೋಣ. ಭಾನುವಾರ ನೀನು ರಾಣಿ ಹಾಗೆ ಹೋಗಿ ಕಿರೀಟ ಹಿಡಿ. ಹೇಗಿದ್ರೂ ಕ್ರಿಸೂಲಾ ಮದುವೆಗೆ ಹೂ ಕಟ್ಟಿರ್ತಾರೆ, ಅಡುಗೆ ಆಗ್ತಿರತ್ತೆ, ಕ್ಲಾರಿನೆಟ್ಟಿನೋರೂ ಬಂದಿರ್ತಾರೆ. ಒಂದೇ ಖರ್ಚಲ್ಲಿ ಎರಡು ಮದುವೆ."

ಹೇಳಿ ಮುಗಿಸಿದ ಮೇಲೆ ಅವನ ಮುಖ ಬೆಳಗುತ್ತಿತ್ತು. ಹೊಗಳಿಸಿಕೊಳ್ಳಲು ಕಾಯುತ್ತಿದ್ದ, ಪಾಪ.

ಎವಾಂಥಿಯಾ ಕಂಬಳಿಯನ್ನು ಭುಜದ ತನಕ ಎಳೆದುಕೊಂಡಳು. "ಹೋದ ಸಲ ಮನೆ ಬಾಡಿಗೆಗೋಸ್ಕರ ಮದುವೆ ಆದ್ವಿ. ಈ ಸಲ ಕ್ರಿಸೂಲಾಗೋಸ್ಕರ ಆಗೋಣ ಅಂತೀಯ. ನನಗೋಸ್ಕರ ಯಾವಾಗ ಆಗ್ತೀಯೋ ಫೋತಿಸ್?"

"ನಿನಗೋಸ್ಕರಾನೇ ಅಲ್ವೇನೇ ಇದೂ?"

"ಅಲ್ಲ. ಕಿರೀಟ ಹಿಡಿಯೋಕೆ ಲೈಸೆನ್ಸ್ ಮಾಡಿಸ್ಕೊಡ್ತಿದ್ದೀಯ ನೀನು."

ಅವನು ಅವಳ ಕಾಲಿನ ಮೇಲೂ ಕಂಬಳಿ ಹೊದಿಸಿ, ಲಾರಿ ಡ್ರೈವರುಗಳ ಇಸ್ಪೀಟು ನೋಡಲು ಎದ್ದು ಹೋದ.

ಬೆಳಿಗ್ಗೆ ಇಗುಮೆನಿತ್ಸಾದ ಬಂದರಿನಲ್ಲಿ ಹಡಗಿನ ಬಾಗಿಲು ಇಳಿಯುವ ಮುಂಚೆಯೇ ಕ್ರಿಸೂಲಾಳ ದನಿ ಕೇಳಿಸಿತು. ಜೇನಿನ ವ್ಯಾನಿನ ಬಾನೆಟ್ಟಿನ ಮೇಲೆ ಹತ್ತಿ ನಿಂತು ಎರಡೂ ಕೈ ಬೀಸುತ್ತಿದ್ದಳು. ಮದುಮಗಳೆಂಬ ಬಿಗುಮಾನ ಚೂರೂ ಇಲ್ಲ. ಇಬ್ಬರೂ ತಬ್ಬಿಕೊಂಡು ಅತ್ತರು, ನಕ್ಕರು, ಮತ್ತೆ ಅತ್ತರು. ಸೋತಿರಿಸ್ ಡಬ್ಬವನ್ನು ಮಗುವಿನ ಹಾಗೆ ಎತ್ತಿಕೊಂಡ. ಈಗ ಹೇಳಬೇಕು ಎಂದು ಎವಾಂಥಿಯಾ ಬಾಯಿ ತೆರೆದಾಗಲೆಲ್ಲ ಕ್ರಿಸೂಲಾ ಉಡುಗೆಯ ಮಾತೋ, ಅತ್ತೆಯ ಮಾತೋ ತೆಗೆದಳು. ವ್ಯಾನಿನಲ್ಲಿ ಆಗಲಿಲ್ಲ. ಕ್ರಿಸೂಲಾಳ ಮನೆಯ ಬಾಗಿಲಲ್ಲಿ, ಅಡುಗೆಗೆ ನೆರವಾಗಲು ಬಂದಿದ್ದ ತನ್ನ ಅಮ್ಮ ಅಗಾಥಿ ಓಡಿಬಂದು ಅಪ್ಪಿಕೊಂಡು, ಎಷ್ಟು ಸೊರಗಿದ್ದೀಯೇ ಎಂದು ಕೆನ್ನೆ ಹಿಂಡಿದಳು, ಅಲ್ಲಿಯೂ ಆಗಲಿಲ್ಲ. ಅಮ್ಮ ಫೋತಿಸ್‌ನನ್ನು ಮೇಲಿಂದ ಕೆಳಗೆ ನೋಡಿ, "ನೀನೇನಪ್ಪ ನಮ್ಮ ಹುಡುಗಿಗೆ ದಾರಿಯಲ್ಲಿ ಜೊತೆ ಬಂದೋನು? ಪುಣ್ಯ ಬರತ್ತೆ, ಒಳಗೆ ಪಿಟಾ ಇದೆ, ತಿನ್ನು," ಎಂದು ಅಡುಗೆಮನೆಗೆ ಕಳಿಸಿದಳು. ಅವನು ಹೇಳಿದ ಮಾತು ಕೇಳುವ ಮನುಷ್ಯ, ಹೋಗಿ ತಿಂದ.

ಮಧ್ಯಾಹ್ನ ಹಾಸಿಗೆ ಹಾಸುವ ಶಾಸ್ತ್ರ. ಕ್ರಿಸೂಲಾಳ ಹೊಸ ಕೋಣೆ ಹೆಂಗಸರಿಂದ ತುಂಬಿ ಕಿಟಕಿಯ ತನಕ ಒತ್ತಾಗಿತ್ತು. ಕ್ರಿಸೂಲಾಳ ಅಜ್ಜಿ ಪೋಲಿಕ್ಸೇನಿ ಮಂಚದ ತಲೆಯ ಕಡೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು. ಹಾಡು, ಅಕ್ಕಿ, ಗುಲಾಬಿ ಎಸಳು, ಬಿಳಿ ಬಾದಾಮಿ. ಹಾಸಿಗೆಯ ಮೇಲೆ ಉರುಳಿಸುವುದಕ್ಕೆ ಪಕ್ಕದ ಮನೆಯ ಗುಂಡನೆಯ ಕೂಸೊಂದನ್ನು ತಂದಿದ್ದರು, ಅದು ಯಾರ ಕಿವಿಯೋಲೆ ಸಿಗುತ್ತದೆಂದು ನೋಡುತ್ತಿತ್ತು. ಹೊದಿಕೆ ಹಾಸುವವರು ಮದುವೆಯಾಗದ ಹುಡುಗಿಯರೇ ಆಗಬೇಕು, ಅಪ್ಪ ಅಮ್ಮ ಇಬ್ಬರೂ ಬದುಕಿರಬೇಕು. ಇಲ್ಲದಿದ್ದರೆ ಆ ಮಂಚಕ್ಕೆ ಒಳ್ಳೆಯದಲ್ಲ.

"ಎವಾಂಥಿಯಾ ಎಲ್ಲಿ?" ಅಂದಳು ಅಜ್ಜಿ. "ಬಾರೇ, ಈ ಮೂಲೆ ನಿಂದು. ನಿನ್ನ ಅಪ್ಪ ಅಂಗಳದಲ್ಲಿ ಕುರಿ ಸುಡ್ತಾ ಕೆಮ್ತಿದ್ದಾನೆ, ಅಮ್ಮ ಇಲ್ಲೇ ಇದ್ದಾಳೆ. ನಿನಗಿಂತ ಯೋಗ್ಯ ಹುಡುಗಿ ಯಾರಿದ್ದಾರೆ? ಮೂವತ್ತಾದ್ರೂ ಹಾಗೇ ಇಟ್ಟಿದ್ದೀಯ."

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಯಾರೋ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ತಳ್ಳಿದರು. ಅವಳ ಕೈಗೆ ಹೊದಿಕೆಯ ಮೂಲೆ ಬಂತು. ಕಸೂತಿ ಹಾಕಿದ ಹತ್ತಿಯ ಹೊದಿಕೆ, ಅಜ್ಜಿಯೇ ನೇಯ್ದದ್ದು. ಎದುರಿನ ಮೂಲೆಯಲ್ಲಿ ಹದಿನಾರರ ಹುಡುಗಿಯೊಬ್ಬಳು ಹಿಡಿದು ಕಾಯುತ್ತಿದ್ದಳು. ಕ್ರಿಸೂಲಾ ಬಾಗಿಲಲ್ಲಿ ನಿಂತು ಹೊಳೆಯುವ ಕಣ್ಣುಗಳಿಂದ ನೋಡುತ್ತಿದ್ದಳು. ಒಂದು ಸಲ ಕೊಡವಿ ಹಾಸಿದರೆ ಮುಗಿಯಿತು. ಎವಾಂಥಿಯಾಳ ಕೈ ಮೇಲೇಳಲಿಲ್ಲ.

"ನಾನು ಹಾಸಬಾರ್ದು ಅಜ್ಜಿ," ಅಂದಳು.

"ಯಾಕೆ, ಮುಟ್ಟಾಗಿದ್ದೀಯಾ? ಅದಕ್ಕೇನೂ ತೊಂದ್ರೆ ಇಲ್ಲ."

"ನನಗೆ ಮದುವೆ ಆಗಿದೆ."

ಹಾಡು ಅರ್ಧಕ್ಕೆ ನಿಂತಿತು. ಕೂಸು ಒಂದು ಬಾದಾಮಿಯನ್ನು ಬಾಯಿಗೆ ಹಾಕಿಕೊಂಡಿತು, ಅದನ್ನು ತೆಗೆಯುವುದಕ್ಕೂ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಅಜ್ಜಿಯೇ ಬೆರಳು ಹಾಕಿ ತೆಗೆದಳು. ಎವಾಂಥಿಯಾ ನಿಂತಲ್ಲೇ ಎಲ್ಲ ಹೇಳಿಬಿಟ್ಟಳು, ಮನೆ ಬಾಡಿಗೆ, ಟೌನ್‌ಹಾಲು, ಹುರಿದ ಮೀನು, ಒಂದನ್ನೂ ಬಿಡದೆ.

ಅಮ್ಮ ಅಗಾಥಿ ಹೆಂಗಸರನ್ನು ಸರಿಸಿಕೊಂಡು ಮುಂದೆ ಬಂದಳು. "ಯಾರು?"

"ಫೋತಿಸ್."

"ಅಡುಗೆಮನೆಯಲ್ಲಿ ಕೂತು ನನ್ನ ಪಿಟಾ ತಿಂತಿರೋನಾ? ಎರಡನೇ ಸಲ ಹಾಕಿಸ್ಕೊಂಡನಲ್ಲೇ ಅವನು, ಏನೂ ಆಗದೋನ ಹಾಗೆ." ಅಮ್ಮ ಸರಸರನೆ ಹೊರಟಳು. ಅಡುಗೆಮನೆಯಿಂದ ತಟ್ಟೆ ಕಸಿದುಕೊಂಡ ಸದ್ದು, ಆಮೇಲೆ ಅಮ್ಮನ ಅಳು, ಆಮೇಲೆ ತಟ್ಟೆ ವಾಪಸು ಇಟ್ಟ ಸದ್ದು ಕೇಳಿಸಿತು. ಅಳಿಯನನ್ನು ಹಸಿವಿನಲ್ಲಿಡುವ ಊರಲ್ಲ ಅದು.

ಕ್ರಿಸೂಲಾ ಮಾತ್ರ ಬಾಗಿಲಲ್ಲೇ ನಿಂತಿದ್ದಳು. "ನನಗೂ ಹೇಳ್ಲಿಲ್ಲ ನೀನು. ನಿನ್ನ ಮದುವೆ ಆಗಿದೆ, ನಾನಲ್ಲಿ ಇರ್ಲಿಲ್ಲ."

ಕಿರೀಟ ಹಿಡಿಯುವ ಮಾತು ಎರಡೂ ಕಡೆಯದಾಗಿತ್ತು ಎನ್ನುವುದು ಎವಾಂಥಿಯಾಗೆ ಆಗಲೇ ಹೊಳೆದದ್ದು. ಹುರಿದ ಮೀನು ತಿಂದ ದಿನ ಅವಳು ಗೆಳತಿಯ ಪಾಲನ್ನೂ ತಿಂದುಬಿಟ್ಟಿದ್ದಳು.

ಪಾಪಾ-ಥಿಮಿಯೋಸ್‌ಗೆ ಹೇಳಿಕಳಿಸಿದರು. ಪಾದ್ರಿ ಬಂದು, ಬೆವರು ಒರೆಸಿಕೊಂಡು, ಮೊದಲು ಒಂದು ಲೋಟ ದ್ರಾಕ್ಷಿ ಸಾರಾಯಿ ಕುಡಿದು, ಆಮೇಲೆ ಕೇಳಿಸಿಕೊಂಡರು. "ಮಗೂ, ಭಾನುವಾರ ಕಳೆದ ಮೇಲೆ ಹೇಳಿದ್ರೆ ನನಗೂ ಗೊತ್ತಿರ್ತಿರ್ಲಿಲ್ಲ, ದೇವರೂ ನೋಡಿಕೊಳ್ತಿದ್ದ. ಈಗ ನನ್ನ ಕಿವಿಗೆ ಬಿದ್ದಿದೆ, ವಾಪಸ್ ತೆಗೆಯೋಕಾಗಲ್ಲ." ಗಡ್ಡ ಕೆರೆದುಕೊಂಡರು. "ಒಂದು ದಾರಿ ಇದೆ. ನಾಳೆ ಬೆಳಿಗ್ಗೆ ನಾನೇ ಬಿಷಪ್ಪರ ಹತ್ರ ಹೋಗಿ ಒಪ್ಪಿಗೆ ತರ್ತೀನಿ. ಅವರು ಬೈತಾರೆ, ಕೊಡ್ತಾರೆ. ನಾಳೆ ಸಂಜೆ ನಿಮ್ಮಿಬ್ಬರಿಗೂ ಚರ್ಚಲ್ಲಿ ಮದುವೆ ಮಾಡ್ಸಿಬಿಡ್ತೀನಿ."

ಮನೆ ಮತ್ತೆ ಗಿಜಿಗುಟ್ಟಿತು. ಅಮ್ಮ ಕಣ್ಣೊರೆಸಿಕೊಂಡು ಯಾರ ಉಡುಗೆ ಇವಳಿಗೆ ಸರಿಹೋಗುತ್ತದೆಂದು ಹುಡುಕತೊಡಗಿದಳು. ಅಪ್ಪ ಅಂಗಳದಿಂದಲೇ ಇನ್ನೊಂದು ಕುರಿ ಬೇಕೇನು ಎಂದು ಕೂಗಿದ. ಕ್ರಿಸೂಲಾಳ ಮುಖದಲ್ಲಿಯೂ ಬಣ್ಣ ಬಂತು. ಫೋತಿಸ್ ಬಾಗಿಲಿಗೆ ಬಂದು ನಿಂತಿದ್ದ. ನಿನ್ನೆ ತಾನೇ ಹೇಳಿದ ಉಪಾಯ, ಊರೆಲ್ಲ ಈಗ ಅದನ್ನೇ ಮೆಚ್ಚುತ್ತಿದೆ, ಅವನು ಮಾತ್ರ ಅದನ್ನು ನೆನಪಿಸಲಿಲ್ಲ. ಅವಳನ್ನೇ ನೋಡುತ್ತಿದ್ದ.

"ಬೇಡ," ಅಂದಳು ಎವಾಂಥಿಯಾ.

"ಏನು ಬೇಡ?" ಅಂದಳು ಅಮ್ಮ.

"ನಾಳೆ ಮದುವೆ ಬೇಡ. ಒಂದು ಸಲ ಒಂದು ಕೆಲಸ ಆಗ್ಲಿ ಅಂತ ಮದುವೆ ಆಗಿದ್ದೀನಿ. ಇನ್ನೊಂದು ಸಲ ಹಾಗೆ ಆಗಲ್ಲ."

ಕ್ರಿಸೂಲಾ ಹತ್ತಿರ ಬಂದಳು. "ನಿನಗೆ ಹೇಗಿದ್ರೂ ಅವನೇ ಗಂಡ. ನಾಳೆ ಒಂದು ಗಂಟೆ ಚರ್ಚಲ್ಲಿ ನಿಂತ್ರೆ ನಾಡಿದ್ದು ನನ್ನ ಹಿಂದೆ ನಿಲ್ಲಬಹುದು. ನನಗೋಸ್ಕರ ಅಷ್ಟು ಮಾಡಲ್ವಾ?"

"ನಿನಗೋಸ್ಕರ ಕಿರೀಟ ಹೊತ್ಕೊಂಡು ಮೂರು ದೇಶ ದಾಟಿದ್ದೀನಿ ಕಣೇ. ನಿನಗೋಸ್ಕರ ಮದುವೆ ಆಗಲ್ಲ."

ಕ್ರಿಸೂಲಾ ತಿರುಗಿ ಹೊರಟುಹೋದಳು. ಶನಿವಾರ ಪೂರ್ತಿ ಮಾತಾಡಲಿಲ್ಲ. ಎದುರು ಸಿಕ್ಕರೆ ಕೆಲಸವಿದ್ದವಳ ಹಾಗೆ ಬೇರೆ ಕಡೆ ನೋಡಿದಳು, ಮದುಮಗಳಿಗೆ ಕೆಲಸಕ್ಕೇನು ಬರ. ಎವಾಂಥಿಯಾ ಕುರ್ಚಿ ಹೊತ್ತಳು, ಬಾದಾಮಿ ಕಟ್ಟಿದಳು, ಅಮ್ಮನ ಬೈಗುಳ ತಿಂದಳು. ರಾತ್ರಿ ಮಲಗುವಾಗ ಮಾಡಿದ್ದು ಸರಿಯೇ ಎಂದು ಕೇಳಿಕೊಂಡರೆ ಸರಿ ಎಂದೇ ಮನಸ್ಸು ಹೇಳುತ್ತಿತ್ತು, ಆದರೂ ಎದ್ದು ಕೂತು ಉಳಿದ ಬಾದಾಮಿ ಕಟ್ಟಿದಳು.

ಭಾನುವಾರ ಸಂಜೆ ಕ್ಲಾರಿನೆಟ್ಟು ಮದುಮಗಳ ಮನೆಯಿಂದ ಮೆರವಣಿಗೆ ಎಬ್ಬಿಸಿಕೊಂಡು ಚರ್ಚಿಗೆ ಬಂದಾಗ, ಇಷ್ಟೆಲ್ಲ ಆದರೂ, ಅವಳ ಕಾಲು ತಾಳ ಹಾಕದೆ ಇರಲಿಲ್ಲ. ಊರಿಗೆ ಊರೇ ಕುಣಿಯುತ್ತ ಏರು ಹತ್ತಿತ್ತು. ಕ್ರಿಸೂಲಾಳ ಸೋದರಮಾವನ ಮಗ ಅರ್ಗಿರಿಸ್ ಕಿರೀಟ ಹಿಡಿಯಲು ನಿಂತ. ಟ್ರ್ಯಾಕ್ಟರ್ ಓಡಿಸುವ ಅಗಲ ಕೈಗಳು, ಕಿರೀಟ ಅವುಗಳಲ್ಲಿ ಉಂಗುರದಷ್ಟು ಕಾಣುತ್ತಿತ್ತು. ಎವಾಂಥಿಯಾ ಮುಂದಿನ ಸಾಲಿನಲ್ಲಿದ್ದಳು. ಪಾದ್ರಿ ಮಂತ್ರ ಹೇಳಿ ಸನ್ನೆ ಮಾಡಿದರು. ಅರ್ಗಿರಿಸ್ ಕಿರೀಟ ಅದಲುಬದಲು ಮಾಡಲು ಕೈ ಕತ್ತರಿ ಹಾಕುವುದನ್ನು ಮರೆತು ನಿಂತುಬಿಟ್ಟ. ಬಲಗೈ ಮೇಲೆ, ಬಲಗೈ ಮೇಲೆ ಎಂದು ಎವಾಂಥಿಯಾ ತುಟಿ ಅಲ್ಲಾಡಿಸಿ ತೋರಿಸಿದಳು. ಅವನು ಅವಳನ್ನೇ ನೋಡುತ್ತ ಬಲಗೈ ಮೇಲೆ ತಂದ. ಒಂದು ಸಲ, ಎರಡು ಸಲ, ಮೂರು ಸಲ. ಮುಗಿದ ಮೇಲೆ ನೋಡಿದರೆ ಅವಳ ಎರಡು ಕೈಗಳೂ ಎದೆಯ ಮುಂದೆ, ಖಾಲಿ ಗಾಳಿಯಲ್ಲಿ, ಕತ್ತರಿ ಹಾಕಿಕೊಂಡು ನಿಂತಿದ್ದವು. ತಿಂಗಳುಗಟ್ಟಲೆ ಮಾರ್ಸೇಯ ಅಡುಗೆಮನೆಯಲ್ಲಿ ಎರಡು ತಟ್ಟೆ ಹಿಡಿದು ಕಲಿತದ್ದು ಸುಮ್ಮನೆ ಹೋಗುತ್ತದೆಯೇ? ಅವಳು ಬೇಗ ಕೈ ಇಳಿಸಿ ಉಡುಗೆಯ ನೆರಿಗೆಯಲ್ಲಿ ಅಡಗಿಸಿದಳು. ಫೋತಿಸ್ ಅದನ್ನು ನೋಡಿದ.

ಹೊರಗೆ ಬಂದಾಗ ಎಲ್ಲರ ತಲೆಯಲ್ಲಿ ಅಕ್ಕಿ. ಚೌಕದಲ್ಲಿ ಮೇಜು ಹಾಕಿದ್ದರು, ಕುರಿಯ ಹೊಗೆ, ಕ್ಲಾರಿನೆಟ್ಟಿನವನು ಕೆನ್ನೆ ಉಬ್ಬಿಸಿ ಮೊದಲ ಸುತ್ತು ಶುರುಮಾಡಿದ್ದ. ಫೋತಿಸ್ ಅವಳ ಮೊಣಕೈ ಹಿಡಿದು ಚರ್ಚಿನ ಗೋಡೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಹಡಗಿನ ಆ ಸಂಜೆಯಿಂದ ಅವನು ಮದುವೆಯ ಸುದ್ದಿ ಎತ್ತಿರಲಿಲ್ಲ.

"ಈಗ ಎಲ್ಲ ಮುಗೀತಲ್ಲ," ಅಂದ. "ನೀನು ಕಿರೀಟ ಹಿಡಿಯೋಕಾಗ್ಲಿಲ್ಲ, ಇನ್ನು ಆಗೋದೂ ಇಲ್ಲ. ಮನೆ ಬಾಡಿಗೆ ಇಳಿದಾಯ್ತು, ಇನ್ನು ಇಳಿಯೋದೂ ಇಲ್ಲ. ಹೂವೂ ಬಾಡಿ ಹೋಯ್ತು, ಕುರಿಯೂ ಖಾಲಿ ಆಗ್ತಿದೆ, ನಮಗೆ ಅಂತ ಏನೂ ಅಗ್ಗಕ್ಕೆ ಸಿಗಲ್ಲ. ನಾನು ಯೋಚನೆ ಮಾಡಿ ನೋಡ್ದೆ. ನಾವು ಚರ್ಚಲ್ಲಿ ಮದುವೆ ಆದ್ರೆ ಒಂದೇ ಒಂದು ಲಾಭ ಇಲ್ಲ."

"ಅದನ್ನ ಹೇಳೋಕೆ ಕರ್ಕೊಂಡು ಬಂದ್ಯಾ?"

"ಹೂಂ. ಲಾಭ ಇಲ್ಲ. ಆದ್ರೂ ಆಗ್ಬೇಕು ಅನ್ನಿಸ್ತಿದೆ. ಸಾಲ ಮಾಡಿಯಾದ್ರೂ ಆಗ್ಬೇಕು ಅನ್ನಿಸ್ತಿದೆ, ನೋಡು, ನನಗೇ ಭಯ ಆಗ್ತಿದೆ." "ಒಳಗೆ ನಿನ್ನ ಕೈ ನೋಡ್ದೆ. ಆ ಕೈ ಹಿಡ್ಕೊಂಡು, ಸೋತಿರಿಸ್ ಬಂದ ಹಾಗೆ, ಪಾದ್ರಿ ಮುಂದಿನ ಆ ಮೇಜಿನ ಸುತ್ತ ನಾನೂ ಮೂರು ಸುತ್ತು ಬರ್ಬೇಕು. ನನ್ನ ಮದುವೆ ಆಗ್ತೀಯಾ?"

ಎವಾಂಥಿಯಾ ಅವನ ತಲೆಯನ್ನು ನೋಡಿದಳು. ವಕ್ರವಾಗಿ ಕತ್ತರಿಸಿದ ಕೂದಲಿನ ತುಂಬ ಅಕ್ಕಿ.

"ನೀನು ಇಷ್ಟು ದಿನದಲ್ಲಿ ಒಂದ್ಸಲಾನೂ ಇದನ್ನ ಕೇಳಿರ್ಲಿಲ್ಲ, ಗೊತ್ತಾ," ಅಂದಳು. "ಅವತ್ತು ಬಾಡಿಗೆ ಎಷ್ಟು ಕಡಿಮೆ ಆಗತ್ತೆ ಅಂತ ಹೇಳ್ದೆ, ನಾನು ಏಪ್ರನ್ ಬಿಚ್ಚಿ ಬಂದೆ."

"ಈಗ ಕೇಳ್ತಿದ್ದೀನಿ."

"ಆಗ್ತೀನಿ ಕಣೋ," ಅಂದವಳೇ ಅತ್ತುಬಿಟ್ಟಳು. ಅಳು ಮುಗಿಯುವ ತನಕ ಕಾಯಲೂ ಇಲ್ಲ. ಅವನ ಕೈ ಎಳೆದುಕೊಂಡು ಚೌಕದ ಕಡೆ ಓಡಿದಳು.

ಕುಣಿತದ ಸುತ್ತು ದೊಡ್ಡದಾಗಿತ್ತು. ಮುಂದಾಳಾಗಿ ಮದುಮಗಳು, ಬಿಳಿ ಕರವಸ್ತ್ರ ಬೀಸುತ್ತ, ಬೆವರಿ ಕೆಂಪಾಗಿ. ಮದುಮಗಳು ಕುಣಿಸುವ ಸುತ್ತಿನ ನಡುವೆ ಯಾರೂ ನುಗ್ಗುವುದಿಲ್ಲ. ಎವಾಂಥಿಯಾ ನುಗ್ಗಿದಳು. ಕ್ರಿಸೂಲಾಳ ಎದುರು ನಿಂತು, ಕ್ಲಾರಿನೆಟ್ಟಿನ ಸದ್ದಿನಲ್ಲಿ ಕೇಳಿಸಲೆಂದು ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು, "ನನ್ನ ಮದುವೆ ಇದೆ. ಇವನು ಈಗ ತಾನೇ ಕೇಳ್ದ. ನನ್ನ ಕಿರೀಟ ನೀನು ಹಿಡೀತೀಯಾ?"

ಕ್ರಿಸೂಲಾ ಕುಣಿಯುವುದನ್ನು ನಿಲ್ಲಿಸಿದಳು. ಹಿಂದಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಂದು ಬಿದ್ದರು, ಕ್ಲಾರಿನೆಟ್ಟಿನವನು ಏನಾಯಿತೆಂದು ಊದುತ್ತಲೇ ಕತ್ತು ಉದ್ದ ಮಾಡಿ ನೋಡಿದ. ಅವಳು ಗೆಳತಿಯನ್ನು ನೋಡಿದಳು, ಫೋತಿಸ್‌ನನ್ನು ನೋಡಿದಳು, ಮತ್ತೆ ಗೆಳತಿಯನ್ನು ನೋಡಿದಳು. ಎರಡು ದಿನದ ಸಿಟ್ಟು ಮುಖದಿಂದ ಇಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಬೇರೆ ಯಾರ ಕೈಗಾದ್ರೂ ಕೊಟ್ಟು ನೋಡು," ಅಂದಳು. ಎವಾಂಥಿಯಾಳ ಕೈಯನ್ನು ಗಟ್ಟಿಯಾಗಿ ಹಿಡಿದು ತನ್ನ ಪಕ್ಕಕ್ಕೆ ಸೇರಿಸಿಕೊಂಡು, ಕ್ಲಾರಿನೆಟ್ಟಿನವನಿಗೆ ಮೊದಲಿನಿಂದ ಊದು ಎಂದಳು.